ಲಕ್ಷ ಕೊಕು ಅಕ್ಕಿಯ ದೊರೆಗೂ ಸಾಲವೇ?

ಪ್ರಶ್ನೆ: ಎದೊ ಕಾಲದ (1603-1868) ಜಪಾನಿನಲ್ಲಿ ಡೈಮ್ಯೊ, ಅಂದರೆ ಸೀಮೆಯ ದೊರೆ, ಎನಿಸಿಕೊಳ್ಳಲು 10,000 ಕೊಕು ಅಕ್ಕಿಯ ಸೀಮೆ ಇರಬೇಕಿತ್ತಂತೆ. ಲಕ್ಷಗಟ್ಟಲೆ ಕೊಕು ಇದ್ದವರೂ ಸಾಲದಲ್ಲಿ ಮುಳುಗಿದ್ದೇಕೆ?

ಉತ್ತರ: ಒಂದು ಕೊಕು ಅಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕಿಲೊ ಅಕ್ಕಿ. ಆದರೆ ಕೊಕು ಲೆಕ್ಕ ಇಡೀ ಸೀಮೆಯ ಅಂದಾಜು ಬೆಳೆಯದು, ದೊರೆಯ ಪಾಲಿನದಲ್ಲ. ಎಡವುವುದು ಇಲ್ಲೇ. ಹತ್ತಕ್ಕೆ ನಾಲ್ಕರಂತೆ ಕಂದಾಯ ಬಂದರೆ 10,000ದಲ್ಲಿ ಕೈಗೆ ಸಿಗುವುದು 4,000. ಅದರಲ್ಲೂ ದೊಡ್ಡ ಪಾಲು ಸಾಮುರಾಯ್‌ಗಳ ಸಂಬಳಕ್ಕೆ ಹೋಗುತ್ತಿತ್ತು.

ಮಿಕ್ಕಿದ್ದನ್ನು ನುಂಗಿದ್ದು ಸಂಕಿನ್ ಕೊತಾಯ್ ಎಂಬ ಸರದಿ ಹಾಜರಿಯ ಪದ್ಧತಿ. 1635ರಲ್ಲಿ ದೇಶವಾಳುತ್ತಿದ್ದ ಸೇನಾಧಿಪತಿ, ಅಂದರೆ ಶೋಗನ್, ತೊಕುಗವ ಇಎಮಿತ್ಸು ಇದನ್ನು ಕಟ್ಟಳೆ ಮಾಡಿದ. ಬಹುತೇಕ ಡೈಮ್ಯೊಗಳು ಒಂದು ವರ್ಷ ಶೋಗನ್‌ನ ಊರಾದ ಎದೊದಲ್ಲಿ (ಇಂದಿನ ಟೋಕಿಯೊ), ಮರುವರ್ಷ ಊರಲ್ಲಿ ಇರಬೇಕು. ಹೆಂಡತಿ, ಪಟ್ಟದ ಮಗ ಮಾತ್ರ ಸದಾ ಎದೊದಲ್ಲೇ, ಒತ್ತೆಯಾಳಿನ ಹಾಗೆ. ಎರಡು ಕಡೆ ಅರಮನೆ, ಎರಡು ಕಡೆ ಆಳುಕಾಳು. ಹತ್ತು ಲಕ್ಷ ಕೊಕುವಿನ ಕಾಗಾ ಸೀಮೆಯ ಮಾಎದ ದೊರೆ ಕನಜಾವಾದಿಂದ ಎದೊಗೆ ಸುಮಾರು 480 ಕಿ.ಮೀ. ದಾರಿಯನ್ನು 12-13 ದಿನ ಸಾಗುತ್ತಿದ್ದ. ಜೊತೆಗೆ ಕೆಲವೊಮ್ಮೆ ಎರಡು ಸಾವಿರಕ್ಕೂ ಹೆಚ್ಚು ಜನ.

ಮುಂಗಡವಾಗಿ ಹೋದವರು ಹೊಂಜಿನ್ ಎಂಬ ತಂಗುಮನೆ ಗೊತ್ತುಮಾಡಿ, ಬಾಗಿಲಲ್ಲಿ ದೊರೆಯ ಹೆಸರಿನ ಹಲಗೆ ನಿಲ್ಲಿಸುತ್ತಿದ್ದರು. ಒಂದೇ ರಾತ್ರಿ ಇಬ್ಬರು ದೊರೆಗಳು ಒಂದೇ ಹೊಂಜಿನ್‌ಗೆ ಬಂದರೆ ಮರ್ಯಾದೆಯ ಪ್ರಶ್ನೆ ಏಳುತ್ತಿತ್ತು. ಕ್ಯೋಟೊ-ಎದೊ ನಡುವಿನ ತೊಕೈದೊ ಹೆದ್ದಾರಿ ಹಿಡಿದವರಿಗೆ ಓಯಿ ನದಿಯ ಕಾಟ ಬೇರೆ. ಅಲ್ಲಿ ಸೇತುವೆಯಿಲ್ಲ, ಹೆಗಲ ಮೇಲೆ ಹೊತ್ತು ದಾಟಿಸುವ ಕೂಲಿಗಳೇ ಗತಿ. ನೀರು ನಾಲ್ಕೂವರೆ ಶಾಕು, ಅಂದರೆ ಸುಮಾರು 136 ಸೆಂ.ಮೀ. ಮೀರಿದರೆ ದಾಟುವುದೇ ಬಂದ್. ಇಳಿಯುವ ತನಕ ಇಡೀ ಪರಿವಾರಕ್ಕೆ ದಡದಲ್ಲೇ ಊಟ, ವಸತಿ.

ಅಕ್ಕಿ ಒಸಾಕಾದಲ್ಲಿ ಮಾರಿದರೆ ತಾನೇ ಕೈಗೆ ಹಣ? ಧಾರಣೆ ಕುಸಿದ ವರ್ಷ ಮುಂದಿನ ಬೆಳೆಯನ್ನೇ ತೋರಿಸಿ ವರ್ತಕರಲ್ಲಿ ಸಾಲ. ಅದೂ ಸಾಕಾಗದಿದ್ದರೆ ಸಾಮುರಾಯ್‌ಗಳ ಸಂಬಳಕ್ಕೆ ಕತ್ತರಿ. ಸಾತ್ಸುಮಾ ಸೀಮೆಯ ಸಾಲ 50 ಲಕ್ಷ ರ್‍ಯೊ (ಆಗಿನ ಚಿನ್ನದ ನಾಣ್ಯ) ಮುಟ್ಟಿದಾಗ, 1830ರ ದಶಕದಲ್ಲಿ ಅಲ್ಲಿನ ಅಧಿಕಾರಿ ಜುಶೊ ಹಿರೊಸಾತೊ ಬಡ್ಡಿಯಿಲ್ಲದೆ 250 ವರ್ಷಗಳಲ್ಲಿ ತೀರಿಸುವಂತೆ ಕಂತು ಗೊತ್ತುಮಾಡಿಬಿಟ್ಟ.

ಪ್ರಶ್ನೆ: ಈ ಹೊರೆ ಇಳಿದದ್ದು ಯಾವಾಗ?

ಉತ್ತರ: 1862ರಲ್ಲಿ ಮೂರು ವರ್ಷಕ್ಕೊಮ್ಮೆ ನೂರು ದಿನ ಎದೊದಲ್ಲಿದ್ದರೆ ಸಾಕೆಂದಾಯಿತು, ಹೆಂಡತಿ ಮಕ್ಕಳಿಗೂ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. 1871ರಲ್ಲಿ ಸೀಮೆಗಳೇ ರದ್ದು. ಆದಾಯದ ಹತ್ತನೇ ಒಂದು ಭಾಗ ಮಾಜಿ ದೊರೆಗೆ ಉಳಿಯಿತು. ಸಂಬಳ ಕೊಡುವ ಭಾರ ಇಲ್ಲವಾದ್ದರಿಂದ ಹಲವರಿಗೆ ಇದೇ ವಾಸಿಯಾಯಿತು. ಸೀಮೆಗಳ ಸಾಲವನ್ನು ಹೊಸ ಸರ್ಕಾರ ಹೊತ್ತರೂ 1843 ಮತ್ತು ಅದಕ್ಕೂ ಹಿಂದಿನದನ್ನು ತಳ್ಳಿಹಾಕಿತು. 250 ವರ್ಷದ ಕಂತಿಗೆ ಒಪ್ಪಿದ್ದ ವರ್ತಕರ ಬಾಕಿ ಅಲ್ಲಿಗೆ ಮುಳುಗಿತು.