ಮನೆಯಲ್ಲಿ ನೆಟ್ ಬಳಕೆ ತುಂಬಾ ಜಾಸ್ತಿ. ಹಳೆಯ ರೌಟರ್ ಬದಲಿಗೆ ಎಂಥದ್ದು ತಗೊಳ್ಳಬೇಕು?
ಡಬ್ಬದ ಮೇಲಿನ ದೊಡ್ಡ ವೇಗದ ಸಂಖ್ಯೆ ನೋಡಿ ಕೊಳ್ಳಬೇಡಿ. ಎಸ್‌ಕ್ಯೂಎಂ, ಅಂದರೆ ಡೇಟಾ ಸಾಲನ್ನು ಜಾಣತನದಿಂದ ನಿಭಾಯಿಸುವ ಸೌಲಭ್ಯ ಇರುವ ರೌಟರ್ ಆರಿಸಿ. ನಿಮ್ಮ ಲೈನಿನ ಪೂರ್ತಿ ವೇಗದಲ್ಲೂ ಅದನ್ನು ನಡೆಸುವಷ್ಟು ಪ್ರೊಸೆಸರ್ ಬಲ ಇರಲೇಬೇಕು. ಇಲ್ಲದಿದ್ದರೆ ಎಸ್‌ಕ್ಯೂಎಂ ಆನ್ ಮಾಡಿದ ಕೂಡಲೇ ವೇಗ ಕುಸಿಯುತ್ತದೆ.

ತುಂಬಾ ಜನ ಬಳಸುವ ಮನೆಯಲ್ಲಿ ಕಾಡುವುದು ಹೆಚ್ಚಾಗಿ ವೇಗದ ಕೊರತೆಯಲ್ಲ, ಕಾಯುವಿಕೆ. ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಿದ್ದಾರೆ ಅಂದುಕೊಳ್ಳಿ. ಲೈನ್ ಸಾಗಿಸುವುದಕ್ಕಿಂತ ಬೇಗ ಡೇಟಾ ಬಂದು ಸಾಲುಗಟ್ಟುತ್ತದೆ. ಇನ್ನೊಬ್ಬರ ವಿಡಿಯೋ ಕಾಲ್‌ನ ಪುಟ್ಟ ತುಣುಕುಗಳು ಆ ಉದ್ದ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ. ಮಾತು ತುಂಡಾಗುವುದು ಇದರಿಂದಲೇ. ಎಸ್‌ಕ್ಯೂಎಂ ಸಾಲನ್ನು ಬೆಳೆಯಲು ಬಿಡದೆ ಎಲ್ಲರಿಗೂ ಸರದಿ ಕೊಡುತ್ತದೆ. ಅದರ ವೇಗದ ಮಿತಿಯನ್ನು ಲೈನ್ ವೇಗದ ಸುಮಾರು 90–95%ಗೆ ಇಡಿ. ಆಗ ಸಾಲು ಮೋಡೆಮ್‌ನಲ್ಲಿ ಕಟ್ಟಿಕೊಳ್ಳದೆ ರೌಟರ್ ಹಿಡಿತದಲ್ಲೇ ಇರುತ್ತದೆ.

ವೈ-ಫೈ 6 ಇದ್ದರೆ ಹೆಚ್ಚಿನ ಮನೆಗಳಿಗೆ ಸಾಕು. ಟಿವಿ, ಡೆಸ್ಕ್‌ಟಾಪ್‌ಗಳನ್ನು ದಯವಿಟ್ಟು ಕೇಬಲ್‌ಗೆ ಹಾಕಿ, ಉಳಿದವಕ್ಕೆ ವೈ-ಫೈನಲ್ಲಿ ಜಾಗ ಸಿಗುತ್ತದೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ: ಕೇಬಲ್ ಹಾಕಿದ ಕಂಪ್ಯೂಟರಿನಿಂದ ದೊಡ್ಡ ಅಪ್‌ಲೋಡ್ ನಡೆಯುವಾಗ ಪಿಂಗ್, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಸಮಯ ನೋಡಿ. 20 ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಏರಿದರೆ ಸಮಸ್ಯೆ ಈ ಸಾಲಿನದೇ. ಏರದಿದ್ದರೆ ವೈ-ಫೈ ಕಡೆ ಹುಡುಕಿ. ರೌಟರ್ ಇಟ್ಟ ಜಾಗ ಬದಲಿಸಿದರೂ ಸರಿಹೋಗಬಹುದು.