ಡಿಸೆಂಬರ್ 3ರಂದು ಭೋಪಾಲದಲ್ಲಿರುವ ಮಗಳು

ಪ್ರಶ್ನೆ: ನನ್ನ ಮಗಳು ಭೋಪಾಲದ ಖಾಸಗಿ ಕಾಲೇಜೊಂದರಲ್ಲಿ ಅಧ್ಯಾಪಕಿ. ಅನಿಲ ದುರಂತದ ಸ್ಮರಣೆಗಾಗಿ ಡಿಸೆಂಬರ್ 3ರಂದು ಅಲ್ಲಿ ಸ್ಥಳೀಯ ರಜೆ ಇರುವುದರಿಂದ ಸಹೋದ್ಯೋಗಿಗಳು ಅವಳನ್ನು ಭೀಮಬೇಟ್ಕಾ ಪ್ರವಾಸಕ್ಕೆ ಕರೆದಿದ್ದಾರೆ. ಆದರೆ ಅವಳಿರುವ ಬಾಡಿಗೆ ಮನೆಯ ಮಾಲೀಕರ ತಾಯಿ, ವಯಸ್ಸಾದವರು, ಪ್ರತಿವರ್ಷ 2ರ ರಾತ್ರಿ ಒದ್ದೆ ಟವೆಲ್ ಒಂದನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಾರಂತೆ. ಮರುದಿನ ಯಾರೊಂದಿಗೂ ಹೆಚ್ಚು ಮಾತನಾಡುವುದಿಲ್ಲವಂತೆ. ‘ನಾನು ಹುಟ್ಟುವ ಮೊದಲೇ ನಡೆದದ್ದು, ನಮ್ಮೂರಿನದೂ ಅಲ್ಲ, ಆ ದಿನ ನಾನು ಹೇಗಿರಬೇಕವ್ವಾ?’ ಎಂದು ಫೋನಿನಲ್ಲಿ ಕೇಳಿದಳು. ಮುಳುಗಡೆಯಲ್ಲಿ ಹಳೇ ಬಾಗಲಕೋಟೆಯ ಮನೆ ಬಿಟ್ಟು ಬಂದ ನನಗೂ ಉತ್ತರ ಹೊಳೆಯಲಿಲ್ಲ.
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ತಾಯಿ, ಮಗಳು ಆ ದಿನ ಪ್ರವಾಸಕ್ಕೆ ಹೋಗದಿರುವುದೇ ಒಳ್ಳೆಯದು. ಭೀಮಬೇಟ್ಕಾದ ಗುಹಾಚಿತ್ರಗಳನ್ನು ಯಾವ ಭಾನುವಾರವಾದರೂ ನೋಡಬಹುದು.

ಮೊದಲು ಆ ಒದ್ದೆ ಟವೆಲಿನ ವಿಷಯ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ನಡುರಾತ್ರಿಯ ಹೊತ್ತಿಗೆ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿತ್ತು. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರವೂ ಕೆಟ್ಟು ನಿಂತಿತ್ತು. ಗಾಳಿಗಿಂತ ಭಾರವಾದ ಆ ಅನಿಲ ನೆಲಮಟ್ಟದಲ್ಲೇ ಹರಡಿ, ಎದುರಿನ ಜೆ.ಪಿ. ನಗರದಂಥ ಬಡಾವಣೆಗಳಲ್ಲಿ ಮಲಗಿದ್ದವರ ಕಣ್ಣು, ಶ್ವಾಸಕೋಶಗಳನ್ನು ಹೊಕ್ಕಿತು. ಜನ ಓಡಿದರು, ಓಡಿ ಏದುಸಿರು ಬಿಟ್ಟಷ್ಟೂ ಹೆಚ್ಚು ವಿಷ ಒಳಗಿಳಿಯಿತು. ಮುಖಕ್ಕೆ ಒದ್ದೆ ಬಟ್ಟೆ ಹಿಡಿದಿದ್ದರೆ ಹಾನಿ ತಗ್ಗುತ್ತಿತ್ತು, ಆದರೆ ಅದನ್ನು ಅವರಿಗೆ ಹೇಳುವವರಿರಲಿಲ್ಲ. ತಡವಾಗಿ ತಿಳಿದ ಆ ಮಾತನ್ನು ಅಜ್ಜಿ ಇಂದಿಗೂ ಪಾಲಿಸುತ್ತಿದ್ದಾರೆಂದು ನನಗೆ ತೋರುತ್ತದೆ.

ನೀವು ಮುಳುಗಡೆಯ ಮಾತೆತ್ತಿದ್ದೀರಿ. ಆಲಮಟ್ಟಿಯ ಹಿನ್ನೀರು ಬರುವುದು ನಮಗೆ ಮೊದಲೇ ಗೊತ್ತಿತ್ತು; ಬಾಗಿಲು, ತೊಲೆಗಳನ್ನೂ ಕಿತ್ತು ತರಲು ಸಮಯವಿತ್ತು. ಅಲ್ಲಿ ಎಷ್ಟೋ ಮಂದಿಗೆ ಮಕ್ಕಳನ್ನು ಎತ್ತಿಕೊಳ್ಳಲೂ ಸಮಯ ಸಿಗಲಿಲ್ಲ. ಆದ್ದರಿಂದ ‘ನಮಗೂ ಹಾಗೇ ಆಗಿತ್ತು’ ಎಂದು ಮಗಳು ಹೇಳದಿರಲಿ.

ನಡೆದುಹೋದದ್ದು ಎಂದೂ ಅವಳು ತಿಳಿಯಬಾರದು. 1989ರಲ್ಲಿ 47 ಕೋಟಿ ಡಾಲರಿಗೆ ಪರಿಹಾರದ ಒಪ್ಪಂದವಾದರೂ ಬಹುಪಾಲು ಸಂತ್ರಸ್ತರ ಕೈಸೇರಿದ್ದು ಮೊದಲು 25,000 ರೂಪಾಯಿ, ವರ್ಷಗಳ ನಂತರ ಮತ್ತೆ ಅಷ್ಟೇ. 2010ರಲ್ಲಿ ತಪ್ಪಿತಸ್ಥರಿಗೆ ವಿಧಿಸಿದ್ದು ಎರಡು ವರ್ಷದ ಶಿಕ್ಷೆ. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯ ಸುಡಲೆಂದು ಅದೇ ರಾಜ್ಯದ ಕೈಗಾರಿಕಾ ಪಟ್ಟಣ ಪೀಥಂಪುರಕ್ಕೆ ಸಾಗಿದ್ದು 2025ರ ಜನವರಿಯಲ್ಲಿ. ಸುತ್ತಲಿನ ಮಣ್ಣು, ಅಂತರ್ಜಲಕ್ಕೆ ಸೇರಿದ ವಿಷ ಅದರೊಂದಿಗೆ ಹೋಗಲಿಲ್ಲ. ವಾರ್ಷಿಕ ದಿನದ ಪಂಜಿನ ಮೆರವಣಿಗೆಯಲ್ಲಿ ಶೋಕದ ಜೊತೆಗೆ ಚಿಕಿತ್ಸೆ, ಪರಿಹಾರ, ಶುದ್ಧ ನೀರಿನ ಬೇಡಿಕೆಗಳೂ ಕೇಳಿಬರುವುದು ಇದರಿಂದಲೇ. ಮನಸ್ಸಿದ್ದರೆ ಮಗಳು ಹಿಂದಿನ ಸಾಲಿನಲ್ಲಿ ನಡೆಯಲಿ. ಅಳುವವರ ಮುಖದ ಮುಂದೆ ಮೊಬೈಲ್ ಹಿಡಿಯುವುದು ಮಾತ್ರ ಬೇಡವೇ ಬೇಡ.

ಮನೆಯಲ್ಲಿ ಅಜ್ಜಿಗೆ ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತರೆ ಸಾಕು. ‘ಆ ರಾತ್ರಿ ಏನಾಯಿತು?’ ಎಂದು ತಾನಾಗಿ ಕೇಳಬಾರದು. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಲಿ. ಸಹೋದ್ಯೋಗಿಗಳು ಏಕೆ ಬರಲಿಲ್ಲವೆಂದರೆ ಅಜ್ಜಿಯ ಜೊತೆಗಿದ್ದೆ ಎಂದಷ್ಟೇ ಹೇಳಲಿ, ಉಪದೇಶ ಬೇಡ. ಆ ದಿನ ಊರಲ್ಲಿರಲಾರದೆ ಹೊರಗೆ ಹೋಗುವವರೂ ಅವರಲ್ಲಿ ಇರಬಹುದು.