ಅಪ್ಪ ತೀರಿಕೊಂಡ ವಯಸ್ಸು ಹತ್ತಿರವಾದಾಗ

ತಂದೆ ಹೃದಯಾಘಾತದಿಂದ ಹೋದ ವಯಸ್ಸು ತಮಗೂ ಸಮೀಪಿಸುತ್ತಿದ್ದಂತೆ ಒಳಗೊಳಗೇ ಕುಸಿಯುವ ಗಂಡಸರು ನನ್ನ ಬಳಿ ಆಪ್ತಸಲಹೆಗೆ ಮೇಲಿಂದ ಮೇಲೆ ಬರುತ್ತಾರೆ. ಹೆಚ್ಚಿನವರನ್ನು ಹೆಂಡತಿಯೇ ಕರೆತರುವುದು. ಶಿರಸಿ ಕಡೆಯ ಈ ಅಡಿಕೆ ಬೆಳೆಗಾರರೂ ಹಾಗೆಯೇ ಬಂದವರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 49. ತಂದೆ 51ಕ್ಕೆ ತೀರಿಕೊಂಡಿದ್ದರು. ಬಿಪಿ ಮಾತ್ರೆ ಬಿಟ್ಟಿದ್ದಾರೆ, ನಿದ್ದೆಯಿಲ್ಲ, ಕವಳ (ಎಲೆಯಡಿಕೆ) ಮಾತ್ರ ಹೆಚ್ಚಾಗಿದೆ ಎಂಬುದು ಹೆಂಡತಿಯ ದೂರು.

ಎರಡನೆಯ ಭೇಟಿಯಲ್ಲಿ ಅವರು ಎಲೆಯ ನಾರು ತೆಗೆದು, ಸುಣ್ಣ ಸವರಿ, ಹೊಗೆಸೊಪ್ಪಿನ ಎಸಳು ಮುರಿಯುತ್ತಾ ಹೇಳಿದರು: ‘ನಮ್ಮ ಮನೆಯ ಗಂಡಸರು ಅರವತ್ತು ಕಾಣುವುದಿಲ್ಲ. ಹಣೆಯಲ್ಲಿ ಬರೆದದ್ದಕ್ಕೆ ಮಾತ್ರೆ ಯಾಕೆ, ಪಥ್ಯ ಯಾಕೆ?’

‘ಅಪ್ಪನ ಬಿಪಿ ಎಷ್ಟಿತ್ತು?’ ಎಂದೆ.

‘ನೋಡಿಸಿದವರು ಯಾರು!’

‘ಸಕ್ಕರೆ ಕಾಯಿಲೆ?’

ಗೊತ್ತಿರಲಿಲ್ಲ.

‘ಕವಳ?’

ಕೈಯಲ್ಲಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ತೋರಿಸಿದರು. ‘ಇದು ಅಪ್ಪನದೇ.’

ಹೇಳಿದವರೇ ಆ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತರು. ತಂದೆಯಿಂದ ಬಂದದ್ದು ರಕ್ತವೊಂದೇ ಅಲ್ಲ, ಅಭ್ಯಾಸವೂ ಬಂದಿದೆ. ಬದಲಿಸಲಾಗದ್ದು ಮೊದಲನೆಯದು ಮಾತ್ರ ಎಂದೆ. ತಂದೆಗೋ ಸಹೋದರನಿಗೋ 55ರೊಳಗೆ, ತಾಯಿಗೋ ಸಹೋದರಿಗೋ 65ರೊಳಗೆ ಹೃದ್ರೋಗ ಬಂದಿದ್ದರೆ ಅಪಾಯ ಹೆಚ್ಚು, ನಿಜ. ಆದರೆ ಅದು ಬೇಗ ಎಚ್ಚರಗೊಳ್ಳಲು ಕಾರಣವೇ ಹೊರತು ಕೈಚೆಲ್ಲಲು ಅಲ್ಲ. ರಕ್ತದೊತ್ತಡ, ಕೆಟ್ಟ ಕೊಲೆಸ್ಟ್ರಾಲ್, ಸಕ್ಕರೆ, ತಂಬಾಕು ನಾಲ್ಕೂ ಹತೋಟಿಗೆ ಸಿಗುವಂಥವು. ಅವರ ತಂದೆಗೆ ಇವುಗಳಲ್ಲಿ ಒಂದನ್ನೂ ಅಳೆದು ನೋಡುವ ಅವಕಾಶ ಸಿಗಲಿಲ್ಲ.

ಮೊದಲು ಹೊಗೆಸೊಪ್ಪನ್ನಷ್ಟೇ ಬಿಡಿ ಎಂದೆ. ಕವಳವನ್ನೇ ಬಿಡಿಸಬೇಕಿತ್ತು ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದನ್ನು ನಾನು ಮುಚ್ಚಿಡಲಿಲ್ಲ. ಅಡಿಕೆಯನ್ನೇ ನಂಬಿ ಬದುಕುವವರ ಎದುರು ಆ ಮಾತು ಆಡುವುದು ಸುಲಭವಲ್ಲ. ಆದರೆ ಹಣೆಬರಹ ನಂಬಿ ಕುಳಿತವರಿಗೆ ಒಂದೇ ದಿನ ಎಲ್ಲವನ್ನೂ ನಿಷೇಧಿಸಿದರೆ, ವಾರದೊಳಗೆ ಸೋತು ‘ನೋಡಿ, ನಾನು ಹೇಳಲಿಲ್ಲವೇ’ ಎನ್ನುತ್ತಾರೆ. ಹಾಗಾಗಿ ಒಂದು ಗೆಲುವು ಮೊದಲು ಬೇಕಿತ್ತು. ಈ ನಿಲುವನ್ನು ಇಂದಿಗೂ ಬದಲಿಸಿಲ್ಲ. ಬೀಡಿ ಸೇದುವುದಿಲ್ಲ ಎಂಬ ಸಮಾಧಾನಕ್ಕೂ ಅರ್ಥವಿಲ್ಲ. ಜಗಿದ ತಂಬಾಕಿನ ನಿಕೋಟಿನ್ ಕೂಡ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಬಿಟ್ಟ ಮೊದಲ ವಾರ ಸಿಡುಕು ಜೋರು, ಕೆಲವು ವಾರಗಳಲ್ಲಿ ತಗ್ಗುತ್ತದೆ. ಆಗ ಮಾತಿಗೆ ಜನ ಬೇಕಾದರೆ 1800-11-2356 ಉಚಿತ ಸಹಾಯವಾಣಿ ಇದೆ.

ಮಾತ್ರೆಯ ವಿಷಯಕ್ಕೆ ವೈದ್ಯರ ಬಳಿಗೇ ಕಳುಹಿಸಿದೆ. ಬಿಪಿ ಸರಿಯಾಯಿತೆಂದು ಬೆಳೆಗಾರರು ತಾವೇ ನಿಲ್ಲಿಸಿದ್ದರು, ಸರಿಯಾಗಿದ್ದದ್ದೇ ಮಾತ್ರೆಯಿಂದ. ಊಟದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯದ್ದೂ ಸೇರಿ ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚ ದಾಟಬಾರದು.

ಹೆಂಡತಿಗೆ ಬೇರೆಯಾಗಿ ಒಂದು ಮಾತು ಹೇಳಿದೆ: ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ತೋಟದ ಮನೆಯಿಂದ ಆಸ್ಪತ್ರೆಗೆ ದಾರಿ ಉದ್ದ. ಮತ್ತೆ, ಬೆಂಗಳೂರಿನಲ್ಲಿರುವ ಮೈದುನನಿಗೂ ಈ ವಾರವೇ ಫೋನ್ ಮಾಡಿ, ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಆತನೂ ಅದೇ ತಂದೆಯ ಮಗ.